ಜೇಡಿಮಣ್ಣಿಗೆ ಸುಣ್ಣ ಹಾಕುವುದೂ ಸಿಮೆಂಟ್ ಹಾಕುವುದೂ ಒಂದೇ ಅಲ್ಲ

ರಸ್ತೆ ಕಟ್ಟುವಾಗ ಮಣ್ಣಿಗೆ ಸುಣ್ಣ ಯಾಕೆ, ಸಿಮೆಂಟ್ ಯಾಕೆ ಅಂತ ಪರೀಕ್ಷೆಯಲ್ಲಿ ಕೇಳಿದ್ದಕ್ಕೆ, ಎರಡಕ್ಕೂ 'ಮಣ್ಣು ಗಟ್ಟಿಯಾಗುತ್ತದೆ' ಅಂತ ಒಂದೇ ಉತ್ತರ ಬರೆದು ನಾನು ಅಂಕ ಕಳೆದುಕೊಂಡಿದ್ದೇನೆ. ಗಟ್ಟಿಯಾಗುವುದು ನಿಜ, ಆದರೆ ಕೆಲಸ ನಡೆಯುವ ರೀತಿಯೇ ಬೇರೆ.

ಜೇಡಿಯ ಕಣ ಅಂದರೆ ತೆಳ್ಳನೆಯ ಹಾಳೆ, ಮೈಮೇಲೆ ಋಣ ಚಾರ್ಜ್. ಅದಕ್ಕೆ ಸೋಡಿಯಂನಂಥ ಅಯಾನುಗಳೂ ನೀರೂ ಅಂಟಿಕೊಂಡಿರುತ್ತವೆ. ಮಾಂಟ್‌ಮೊರಿಲೊನೈಟ್ ಅನ್ನುವ ಜೇಡಿ ಖನಿಜ ಇದ್ದರೆ ಹಾಳೆಗಳ ನಡುವೆಯೇ ನೀರು ನುಗ್ಗಿ ಮಣ್ಣು ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಸುಣ್ಣ ಬೆರೆಸಿದಾಗ ಸೋಡಿಯಂ ಜಾಗಕ್ಕೆ ಕ್ಯಾಲ್ಸಿಯಂ ಬರುತ್ತದೆ, ನೀರಿನ ಪದರ ತೆಳುವಾಗುತ್ತದೆ, ಕಣಗಳು ಗುಂಪು ಕಟ್ಟುತ್ತವೆ. ಕೈಗೆ ಮೆತ್ತುತ್ತಿದ್ದ ಮಣ್ಣು ಕೆಲವೇ ಗಂಟೆಗಳಲ್ಲಿ ಪುಡಿಪುಡಿಯಾಗುತ್ತದೆ, ಪ್ಲಾಸ್ಟಿಸಿಟಿ ಇಂಡೆಕ್ಸ್ (ಮಣ್ಣು ಎಷ್ಟು ನೀರಿನ ವ್ಯಾಪ್ತಿಯಲ್ಲಿ ಮೆತ್ತಗೆ ನಾದುವಂತಿರುತ್ತದೆ ಅನ್ನುವ ಅಳತೆ) ಇಳಿಯುತ್ತದೆ. ಇದಿನ್ನೂ ಬಲವಲ್ಲ, ಬರೀ ಸುಧಾರಣೆ.

ಬಲ ಬರುವುದು ನಿಧಾನವಾಗಿ, ಪೊಜೊಲಾನಿಕ್ ಕ್ರಿಯೆಯಿಂದ. ಪಿಎಚ್ 12.4ರ ಹತ್ತಿರ, ಅಂದರೆ ಮಣ್ಣು ತುಂಬಾ ಕ್ಷಾರೀಯವಾಗಿ ಇದ್ದಾಗ ಜೇಡಿಯೊಳಗಿನ ಸಿಲಿಕಾ, ಅಲ್ಯುಮಿನಾ ಕರಗಿ ಕ್ಯಾಲ್ಸಿಯಂ ಜೊತೆ ಸೇರಿ ಬಂಧಕ ಆಗುತ್ತವೆ. ವಾರ, ತಿಂಗಳುಗಟ್ಟಲೆ ನಡೆಯುತ್ತದೆ, ಚಳಿಯಲ್ಲಿ ಇನ್ನೂ ನಿಧಾನ. ಈಡ್ಸ್–ಗ್ರಿಮ್ ಪರೀಕ್ಷೆಯಲ್ಲಿ ಪಿಎಚ್ 12.4 ಮುಟ್ಟಿಸುವ ಅತಿ ಕಡಿಮೆ ಸುಣ್ಣ ಹುಡುಕುವುದು ಇದಕ್ಕೇ. ಅಂದರೆ ಸುಣ್ಣಕ್ಕೆ ಜೇಡಿ ಬೇಕೇ ಬೇಕು, ಬರೀ ಮರಳಿಗೆ ಸುಣ್ಣ ಹಾಕಿ ಕಾಯುತ್ತಾ ಕೂತರೆ ಏನೂ ಆಗಲ್ಲ.

ಸಿಮೆಂಟ್ ಹಾಗಲ್ಲ, ಸಿಲಿಕಾವನ್ನು ತಾನೇ ತಂದಿರುತ್ತದೆ. ನೀರು ಸಿಕ್ಕರೆ ಸಾಕು, ಬೇಗ ಗಟ್ಟಿಯಾಗುತ್ತದೆ, ಮರಳಿನಲ್ಲೂ. ಹಾಗಾದರೆ ಜೇಡಿಗೂ ಸಿಮೆಂಟೇ ಹಾಕಬಹುದಲ್ವಾ? ಹಾಕಬಹುದು, ಆದರೆ ಜಾಸ್ತಿ ಅಂಟಿನ ಮಣ್ಣು ಹೆಂಟೆಹೆಂಟೆಯಾಗಿ ಉಳಿದು, ಸಿಮೆಂಟ್ ಹೊರಗಷ್ಟೇ ಮೆತ್ತಿಕೊಂಡು, ಒಳಗೆ ಹಳೇ ಜೇಡಿ ಹಾಗೇ ಇರುತ್ತದೆ. ಅದಕ್ಕೇ ಇಂಥ ಕಡೆ ಮೊದಲು ಸ್ವಲ್ಪ ಸುಣ್ಣ ಹಾಕಿ, ತೇವ ಆರದಂತೆ ಒಂದೆರಡು ದಿನ ಬಿಟ್ಟು, ಹೆಂಟೆ ಒಡೆದ ಮೇಲೆ ಸಿಮೆಂಟ್ ಬೆರೆಸುತ್ತಾರೆ. ಬೆರೆಸಿದ ಮೇಲೆ ತಡ ಮಾಡುವ ಹಾಗಿಲ್ಲ, ಸಾಮಾನ್ಯವಾಗಿ ಎರಡು ಗಂಟೆಯೊಳಗೆ ರೋಲರ್ ಓಡಿಸಿ ಮುಗಿಸಬೇಕು.

ಪ್ರಮಾಣದ ಲೆಕ್ಕ ಒಣ ಮಣ್ಣಿನ ತೂಕದ ಮೇಲೆ. ಒಣ ಸಾಂದ್ರತೆ ಘನ ಮೀಟರಿಗೆ 1600 ಕೆಜಿ, ಪದರ 20 ಸೆಂ.ಮೀ. ಅಂದುಕೊಳ್ಳಿ: ಚದರ ಮೀಟರಿಗೆ 320 ಕೆಜಿ ಮಣ್ಣು, ಶೇ 4ರಂತೆ 12.8 ಕೆಜಿ ಸುಣ್ಣ. ಒದ್ದೆ ತೂಕ ಹಿಡಿದರೆ ಲೆಕ್ಕ ತಪ್ಪುತ್ತದೆ.

ಮಣ್ಣಿನಲ್ಲಿ ಸಲ್ಫೇಟ್ ಇದ್ದರೆ ಹುಷಾರು. ಅದು ಕ್ಯಾಲ್ಸಿಯಂ, ಅಲ್ಯುಮಿನಾ, ನೀರಿನ ಜೊತೆ ಸೇರಿ ಎಟ್ರಿಂಗೈಟ್ ಹರಳು ಬೆಳೆಯುತ್ತದೆ, ಉಬ್ಬು ತಡೆಯಲು ಹಾಕಿದ ಸುಣ್ಣವೇ ರಸ್ತೆಯನ್ನು ಉಬ್ಬಿಸಿಬಿಡುತ್ತದೆ.

ಇನ್ನೊಂದು ಗೊಂದಲ: ಸುಣ್ಣ ಬೆರೆಸಿದ ಮಣ್ಣಿನ ಗರಿಷ್ಠ ಒಣ ಸಾಂದ್ರತೆ ಸಾಮಾನ್ಯವಾಗಿ ಕಡಿಮೆಯಾಗುತ್ತದೆ, ಅದಕ್ಕೆ ಬೇಕಾದ ನೀರು ಜಾಸ್ತಿಯಾಗುತ್ತದೆ. ಕೆಟ್ಟಿತು ಅಂತ ಸುಮ್ನೆ ಗಾಬರಿ ಬೇಡ. ಬೆರೆಸಿದ ಮಣ್ಣಿನದೇ ಹೊಸ ಪ್ರಾಕ್ಟರ್ ಕರ್ವ್ (ಎಷ್ಟು ನೀರಿಗೆ ಮಣ್ಣು ಎಷ್ಟು ಒತ್ತಾಗಿ ಕೂರುತ್ತದೆ ಅನ್ನುವ ಗ್ರಾಫ್) ತೆಗೆದು ಅದಕ್ಕೆ ಹೋಲಿಸಿ.