ಉದುರಿದ ಜಿಂಕೆ ಕೊಂಬು ಎಲ್ಲಿ ಸಿಗುತ್ತೆ, ಗೋಡೆಗೆ ಹಾಕೋದು ಹೇಗೆ?

ಪ್ರಶ್ನೆ: ಅಮೆರಿಕದ ವಿಸ್ಕಾನ್ಸಿನ್‌ಗೆ ಬಂದು ಎರಡು ವರ್ಷ ಆಯಿತು. ಪಕ್ಕದ ಮನೆಯವರ ಗೋಡೆ ತುಂಬ ವೈಟ್‌ಟೇಲ್ ಜಿಂಕೆಯ ಕೊಂಬು. ಬೇಟೆಯಾಡಿದ್ದಲ್ಲವಂತೆ, ಕಾಡಿನಲ್ಲಿ ಬಿದ್ದದ್ದನ್ನು ಆರಿಸಿ ತಂದಿದ್ದಂತೆ. ನಾನೂ ಮೂರು ಶನಿವಾರ ಸುತ್ತಿದೆ. ಕಾಲು ನೋವು ಬಂತೇ ಹೊರತು ಕೊಂಬು ಸಿಗಲಿಲ್ಲ. ಎಲ್ಲಿ ಹುಡುಕಬೇಕು, ಸಿಕ್ಕರೆ ಗೋಡೆಗೆ ಹಾಕೋದು ಹೇಗೆ?

ಉತ್ತರ: ಆ ಮೂರು ಶನಿವಾರ ವಾಕಿಂಗ್ ದಾರಿಯಲ್ಲೇ ನಡೆದಿರಿ ಅಲ್ವಾ? ನಾನೂ ಮೊದಲ ವರ್ಷ ಅದನ್ನೇ ಮಾಡಿದ್ದೆ. ಜಿಂಕೆಗೆ ಆ ದಾರಿಯಲ್ಲಿ ಏನೂ ಕೆಲಸವಿಲ್ಲ. ಚಳಿಗಾಲದಲ್ಲಿ ಅದಕ್ಕೆ ಇರೋದು ಎರಡೇ ಕೆಲಸ, ತಿನ್ನೋದು, ಮಲಗೋದು. ಕೊಂಬೂ ಹೆಚ್ಚಾಗಿ ಆ ಎರಡು ಜಾಗಗಳಲ್ಲಿ, ಇಲ್ಲ ಅವುಗಳ ನಡುವೆ ಬೀಳುತ್ತೆ.

ಇದು ದನದ ಕೊಂಬಿನ ಹಾಗಲ್ಲ. ಪೂರ್ತಿ ಮೂಳೆ, ಪ್ರತಿ ವರ್ಷ ಉದುರಿ ಮತ್ತೆ ಹೊಸದಾಗಿ ಬೆಳೆಯುತ್ತೆ. ನವೆಂಬರ್‌ನ ಬೆದೆಗಾಲ ಮುಗಿದ ಮೇಲೆ ಗಂಡು ಜಿಂಕೆಯ ಮೈಯಲ್ಲಿ ಟೆಸ್ಟೋಸ್ಟಿರೋನ್ ಇಳಿಯುತ್ತೆ, ಕೊಂಬು ತಲೆಗೆ ಅಂಟಿದ ಜಾಗದಲ್ಲಿ ಮೂಳೆ ಸಣ್ಣಗೆ ಕರಗುತ್ತೆ, ಆಮೇಲೆ ಒಂದು ದಿನ ಸುಮ್ನೆ ಕಳಚಿ ಬೀಳುತ್ತೆ. ಡಿಸೆಂಬರ್ ಕೊನೆಯಿಂದ ಮಾರ್ಚ್‌ವರೆಗೂ ಇದು ನಡೆಯುತ್ತೆ. ಹಾಗಂತ ಜನವರಿಯಲ್ಲೇ ನುಗ್ಗಬೇಡಿ. ಹಸಿದು ಸೊರಗಿದ ಜಿಂಕೆಗಳನ್ನು ಹಿಮದಲ್ಲಿ ಓಡಿಸೋದು ಪಾಪದ ಕೆಲಸ. ಹಿಮ ಕರಗಿದ ಮೇಲೆ, ಹೊಸ ಹುಲ್ಲು ಬರುವ ಮುಂಚೆ ಹೋಗಿ. ತುಂಬ ತಡ ಮಾಡಿದರೂ ಕಷ್ಟ, ಏಕೆಂದರೆ ಕ್ಯಾಲ್ಸಿಯಂ ಆಸೆಗೆ ಇಲಿ, ಅಳಿಲು, ಮುಳ್ಳುಹಂದಿ ಎಲ್ಲವೂ ಅದನ್ನು ಕಡಿದು ಮುಗಿಸುತ್ತವೆ.

ಮೊದಲು ಕೊಯ್ಲಾದ ಮೆಕ್ಕೆಜೋಳ, ಸೋಯಾ ಹೊಲಗಳ ಅಂಚು ನೋಡಿ. ಆಮೇಲೆ ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರು. ಚಳಿಗಾಲದ ಬಿಸಿಲು ಬೀಳೋದು ಅಲ್ಲೇ, ಜಿಂಕೆ ಮೈ ಕಾಯಿಸಿಕೊಳ್ಳೋದೂ ಅಲ್ಲೇ. ಎಲೆಗಳ ಮೇಲೆ ಮೊಟ್ಟೆ ಆಕಾರದಲ್ಲಿ ಒತ್ತಿದ ಗುರುತು ಕಂಡರೆ ಅದು ಹಾಸಿಗೆ. ಬೇಲಿ ಹಾರುವ ಜಾಗ, ತೊರೆ ದಾಟುವ ಜಾಗ ಬಿಡಬೇಡಿ, ಸಡಿಲವಾದ ಕೊಂಬು ನೆಗೆದ ರಭಸಕ್ಕೇ ಬಿದ್ದಿರುತ್ತೆ. ಮಳೆ ನಿಂತ ಮೋಡದ ದಿನ ಒಳ್ಳೇದು, ಬಿಸಿಲಿದ್ದರೆ ಪ್ರತಿ ಒಣ ಕಡ್ಡಿಯೂ ಕೊಂಬಿನ ಹಾಗೆ ಹೊಳೆಯುತ್ತೆ. ಇಡೀ ಕೊಂಬು ಹುಡುಕಬೇಡಿ, ಎಲೆಯ ನಡುವೆ ಒಂದು ಬಾಗು, ಒಂದು ಮೊನೆ ಹುಡುಕಿ. ನಿಧಾನವಾಗಿ ನಡೆದು ಆಗಾಗ ಹಿಂದಿರುಗಿ ನೋಡಿ.

ಬೇರೆಯವರ ಜಮೀನಾದರೆ ಕೇಳಿಯೇ ಹೋಗಬೇಕು. ನ್ಯಾಷನಲ್ ಪಾರ್ಕ್‌ಗಳಲ್ಲಿ ಎತ್ತಿಕೊಳ್ಳುವ ಹಾಗೇ ಇಲ್ಲ. ವಿಸ್ಕಾನ್ಸಿನ್‌ನಲ್ಲಿ ಉದುರಿದ ಕೊಂಬಿಗೆ ಪರ್ಮಿಟ್ ಬೇಡ, ಆದರೆ ತಲೆಬುರುಡೆ ಅಂಟಿಕೊಂಡಿದ್ದರೆ ಮುಟ್ಟದೆ ಅಲ್ಲಿನ ವನ್ಯಜೀವಿ ಅಧಿಕಾರಿಗೆ (ವಾರ್ಡನ್) ಫೋನ್ ಮಾಡಿ. 2002ರಿಂದ ಅಲ್ಲಿನ ಜಿಂಕೆಗಳಲ್ಲಿ ಸಿಡಬ್ಲ್ಯೂಡಿ ಅನ್ನೋ ಮಿದುಳಿನ ಕಾಯಿಲೆಯೂ ಇದೆ. ಮನೆಗೆ ಬಂದು ಮೈಯೆಲ್ಲ ಉಣ್ಣೆ ಹುಳು (ಟಿಕ್) ಇದೆಯಾ ನೋಡಿಕೊಳ್ಳಿ. ಲೈಮ್ ಕಾಯಿಲೆ ಹರಡೋದು ಇದೇ ಉಣ್ಣೆ, ಚಳಿ ಸ್ವಲ್ಪ ಬಿಟ್ಟರೆ ಸಾಕು, ಓಡಾಡುತ್ತೆ.

ಇನ್ನು ಗೋಡೆಯ ವಿಷಯ. ಬೆಚ್ಚಗಿನ ನೀರು, ಸ್ವಲ್ಪ ಸೋಪು, ಹಳೇ ಟೂತ್‌ಬ್ರಷ್, ಅಷ್ಟೇ. ನನ್ನ ಮೊದಲ ಕೊಂಬನ್ನು ಶುದ್ಧ ಮಾಡೋ ಹುಚ್ಚಿಗೆ ಬ್ಲೀಚ್‌ನಲ್ಲಿ ನೆನೆಸಿದ್ದೆ. ಸುಣ್ಣದ ಕಡ್ಡಿಯಂತಾಗಿ ಪುಡಿ ಉದುರಲು ಶುರುವಾಯಿತು. ಆ ಕಂದು ಬಣ್ಣ ಕೊಳೆಯಲ್ಲ, ಜಿಂಕೆ ಮರಕ್ಕೆ ಉಜ್ಜಿ ಉಜ್ಜಿ ತೊಗಟೆಯಿಂದ ಹತ್ತಿಸಿಕೊಂಡ ಬಣ್ಣ. ಅದನ್ನು ತೆಗೆದರೆ ಉಳಿಯೋದು ಬರೀ ಮೂಳೆ. ವಾರ್ನಿಷ್ ಕೂಡ ಬೇಡ, ಪ್ಲಾಸ್ಟಿಕ್ಕಿನಂತೆ ಕಾಣುತ್ತೆ.

ಒಣಗಿದ ಮೇಲೆ ಬುಡದ ಮಧ್ಯದಲ್ಲಿ ಸುಮಾರು ಒಂದು ಇಂಚು ಆಳಕ್ಕೆ ರಂಧ್ರ ಕೊರೆಯಿರಿ. ಮಾಸ್ಕ್ ಹಾಕಿಕೊಳ್ಳಿ, ಆ ಪುಡಿಯ ವಾಸನೆಗೆ ಹಲ್ಲಿನ ಡಾಕ್ಟರ ಕುರ್ಚಿ ನೆನಪಾಗುತ್ತೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಹ್ಯಾಂಗರ್ ಬೋಲ್ಟ್ ಅಂತ ಕೇಳಿ, ಒಂದು ತುದಿ ಸ್ಕ್ರೂ, ಇನ್ನೊಂದು ತುದಿ ನಟ್ ಹಾಕುವ ಬೋಲ್ಟ್. ಅದರ ಸ್ಕ್ರೂ ಬದಿಯನ್ನು ಎಪಾಕ್ಸಿ ಅಂಟು ಹಚ್ಚಿ ಕೊಂಬಿನೊಳಗೆ ತಿರುಗಿಸಿ, ಒಂದು ರಾತ್ರಿ ಬಿಡಿ. ಇನ್ನೊಂದು ತುದಿಯನ್ನು ಓಕ್ ಹಲಗೆಯ ತೂತಿನಲ್ಲಿ ತೂರಿಸಿ ಹಿಂದಿನಿಂದ ನಟ್ ಬಿಗಿ ಮಾಡಿ. ಹಲಗೆಯನ್ನು ಬರೀ ಡ್ರೈವಾಲ್‌ಗೆ (ಗೋಡೆಯ ಜಿಪ್ಸಮ್ ಹಾಳೆಗೆ) ಹೊಡೆಯಬೇಡಿ, ಅದರ ಹಿಂದೆ ನಿಲ್ಲಿಸಿರುವ ಮರದ ಪಟ್ಟಿಗೆ (ಸ್ಟಡ್) ಹೊಡೆಯಿರಿ.

ಜೋಡಿಯೇ ಬೇಕು ಅಂತ ಕೂರಬೇಡಿ. ಎರಡೂ ಒಂದೇ ದಿನ ಬೀಳಬೇಕೆಂದಿಲ್ಲ, ಇನ್ನೊಂದು ಯಾರ ಹೊಲದಲ್ಲಿದೆಯೋ. ಸಿಕ್ಕರೆ ಎರಡನ್ನೂ ಕೂರಿಸಲು ಕೃತಕ ತಲೆಬುರುಡೆಯ ಕಿಟ್ ಸಿಗುತ್ತೆ. ಆದರೆ ಜೀವಂತ ಜಿಂಕೆಯ ತಲೆ ಮೇಲೆ ಅವು ಎಷ್ಟು ಅಗಲಕ್ಕಿದ್ದವು ಅನ್ನೋದು ನಿಮ್ಮ ಊಹೆಯೇ. ನನಗಂತೂ ಹಲಗೆಯ ಮೇಲಿನ ಒಂಟಿ ಕೊಂಬೇ ಚೆಂದ.

ರಜೆಗೆ ಹೋಗುವಾಗ ಇದನ್ನು ಊರಿಗೆ ಒಯ್ಯೋ ಯೋಚನೆ ಇದ್ದರೆ ಬಿಡಿ. ನಮ್ಮಲ್ಲಿ ಚುಕ್ಕೆ ಜಿಂಕೆ, ಕಡವೆಯ ಉದುರಿದ ಕೊಂಬನ್ನು ಅನುಮತಿ ಇಲ್ಲದೆ ಇಟ್ಟುಕೊಳ್ಳೋದೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. 2023ರಲ್ಲಿ ಹುಲಿ ಉಗುರಿನ ಪೆಂಡೆಂಟ್ ಗದ್ದಲ ಎದ್ದಾಗ ಎಷ್ಟು ಮನೆಗಳಲ್ಲಿ ಅಜ್ಜನ ಕಾಲದ ಕೊಂಬು ಗೋಡೆಯಿಂದ ಇಳಿಯಿತೋ! ಏರ್‌ಪೋರ್ಟಿನಲ್ಲಿ ನಿಂತು ಇದು ವೈಟ್‌ಟೇಲ್, ಅಮೆರಿಕದ್ದು ಅಂತ ವಿವರಿಸೋ ಬದಲು ಅಮ್ಮನಿಗೆ ಫೋಟೋ ಕಳಿಸಿ.