ಕಂಬದ ಹಿಂದಿನ ಬೆಳಕಿನ ಬಿಲ್ಲೆ

ನಮ್ಮ ದೊಡ್ಡಮ್ಮನ ಮಗ ಬನಶಂಕರಿ ಆರನೇ ಹಂತದಲ್ಲಿ ಮನೆ ಕಟ್ಟಿಸಿದ. ಗೃಹಪ್ರವೇಶಕ್ಕೆ ಬೆಳಗಿನ ಜಾವದ ಮುಹೂರ್ತ. ಹೊರಗೆ ಇನ್ನೂ ಕತ್ತಲೆ, ಒಳಗೆ ಹೋಮದ ಹೊಗೆ, ಹಾಲ್ ತುಂಬ ಜನ. ನೆಂಟರೊಬ್ಬರು ಹಳೆಯ ಪುಟ್ಟ ಡಿಜಿಟಲ್ ಕ್ಯಾಮೆರಾ ತಂದಿದ್ದರು. ಫ್ಲ್ಯಾಶ್ ಹಾಕಿ ಫೋಟೋ ತೆಗೆದರು. ಎರಡು ದಿನ ಬಿಟ್ಟು ಫೋಟೋಗಳು ಮನೆಯವರ ವಾಟ್ಸಾಪ್ ಗುಂಪಿಗೆ ಬಂದವು. ಒಂದರಲ್ಲಿ ಹಾರ ಹಾಕಿದ ತಾತನ ಪಟ, ಅದರ ಪಕ್ಕ ಗಾಳಿಯಲ್ಲಿ ತೇಲುತ್ತಿರುವ ಬೆಳ್ಳನೆಯ ಒಂದು ಬಿಲ್ಲೆ.

"ಅಪ್ಪ ಬಂದಿದಾರೆ ಕಣೋ," ಅಂದರು ದೊಡ್ಡಮ್ಮ. ಅವರ ಕಣ್ಣಲ್ಲಿ ನೀರಿತ್ತು.

ಅಲ್ಲಿಗೇ ನಿಂತಿದ್ದರೆ ನಾನು ಸುಮ್ಮನಿರುತ್ತಿದ್ದೆ. ಆದರೆ ವಾರದೊಳಗೆ ಯಾರೋ ಒಬ್ಬರು ಆ ಫೋಟೋ ನೋಡಿ, ಅದು ತಾತ ಅಲ್ಲ, ಜಾಗಕ್ಕೆ ಅಂಟಿಕೊಂಡಿರುವ ಬೇರೇನೋ, ಶಾಂತಿ ಮಾಡಿಸಲೇಬೇಕು ಅಂದರು. ಖರ್ಚಿನ ಪಟ್ಟಿಯನ್ನೂ ಕೊಟ್ಟರು. ಹೊಸ ಮನೆಯಲ್ಲಿ ಮಕ್ಕಳು ರಾತ್ರಿ ಬಚ್ಚಲಿಗೆ ಒಬ್ಬರೇ ಹೋಗಲು ಹೆದರತೊಡಗಿದರು. ನನಗೆ ಸಿಟ್ಟು ಬಂದಿದ್ದು ಅದಕ್ಕೆ.

ಅದು ಧೂಳು. ಲೆನ್ಸಿನಿಂದ ಒಂದು ಗೇಣಿಗಿಂತ ಹತ್ತಿರದಲ್ಲಿ ತೇಲುತ್ತಿದ್ದ ಒಂದು ಕಣ. ಹೊಸ ಮನೆ ಅಂದರೆ ಪುಟ್ಟಿ ಉಜ್ಜಿದ ಪುಡಿ, ಸಿಮೆಂಟು, ಹೋಮದ ಬೂದಿ. ಎಲ್ಲವನ್ನೂ ನೂರು ಜನ ಓಡಾಡಿ ಮೇಲೆಬ್ಬಿಸಿರುತ್ತಾರೆ. ಇಂಥ ಬಿಲ್ಲೆಗಳಿಗೆ ಆರ್ಬ್ ಅನ್ನುವ ಹೆಸರಿದೆ. ಮಳೆ ಹನಿ, ಮಂಜಿನ ಹನಿ, ಹೂವಿನ ಪರಾಗ, ಸಣ್ಣ ಹುಳ, ಯಾವುದರಿಂದ ಬೇಕಾದರೂ ಆಗುತ್ತದೆ.

ಇಷ್ಟು ಹೇಳಿದರೆ ಎಲ್ಲರೂ ಕೇಳುವುದು ಒಂದೇ. ಕಣ್ಣಿಗೂ ಕಾಣದ ಧೂಳು ಅಷ್ಟು ದೊಡ್ಡದಾಗಿ, ಅಷ್ಟು ದುಂಡಗೆ ಬರೋದು ಹೇಗೆ? ಒಳ್ಳೆಯ ಪ್ರಶ್ನೆ. ಉತ್ತರ ಇನ್ನೂ ಚೆಂದ. ಆ ದುಂಡು ಆಕಾರ ಧೂಳಿನದೇ ಅಲ್ಲ, ಕ್ಯಾಮೆರಾದ್ದು. ಲೆನ್ಸಿನೊಳಗೆ ಬೆಳಕು ಹಾದುಹೋಗುವ ಒಂದು ರಂಧ್ರ ಇರುತ್ತದೆ. ಅದೇ ಅಪರ್ಚರ್, ನಮ್ಮ ಕಣ್ಣಿನ ಪಾಪೆ ಇದ್ದ ಹಾಗೆ. ಬಿಲ್ಲೆಗೆ ಆ ರಂಧ್ರದ ಆಕಾರ. ಧೂಳು ಬರೀ ದೀಪದ ಕೆಲಸ ಮಾಡುತ್ತದೆ. ಆ ದೀಪದಲ್ಲಿ ಕ್ಯಾಮೆರಾ ತನ್ನ ಪಾಪೆಯ ಚಿತ್ರವನ್ನು ತಾನೇ ತೆಗೆದುಕೊಳ್ಳುತ್ತದೆ. ಇದು ಮೊದಲ ಸಲ ಹೊಳೆದ ರಾತ್ರಿ ನನಗೆ ನಿದ್ದೆಯೇ ಬಂದಿರಲಿಲ್ಲ.

ಬಸವನಗುಡಿಯ ಕಡಲೆಕಾಯಿ ಪರಿಷೆ ನೆನಪು ಮಾಡಿಕೊಳ್ಳಿ. ಕಾಗದವನ್ನು ಚೂಪಾಗಿ ಸುತ್ತಿ ಕಡಲೆಕಾಯಿ ತುಂಬಿ ಕೊಡುತ್ತಾರಲ್ಲ, ಆ ಪೊಟ್ಟಣ. ಅದರ ಅಗಲ ಬಾಯಿ ಲೆನ್ಸಿನ ರಂಧ್ರ ಅಂದುಕೊಳ್ಳಿ. ರಂಧ್ರದಿಂದ ಒಳಗೆ ಬಂದ ಬೆಳಕು ಪೊಟ್ಟಣದ ಹಾಗೇ ಕಿರಿದಾಗುತ್ತ ಹೋಗಿ ಒಂದು ತುದಿಯಲ್ಲಿ ಸೇರುತ್ತದೆ. ತುದಿ ಸರಿಯಾಗಿ ಸೆನ್ಸರಿನ ಮೇಲೆ, ಅಂದರೆ ಕ್ಯಾಮೆರಾದೊಳಗೆ ಚಿತ್ರ ಮೂಡುವ ಫಲಕದ ಮೇಲೆ, ಬಿದ್ದರೆ ಚುಕ್ಕಿ ಚುಕ್ಕಿಯಾಗಿಯೇ ಕಾಣುತ್ತದೆ. ಅದೇ ಫೋಕಸ್. ಎರಡು ಮೀಟರ್ ದೂರದಲ್ಲಿದ್ದ ದೊಡ್ಡಮ್ಮನ ಮೂಗುತಿಯ ಹೊಳಪು ಹಾಗೆ ಸೇರಿತು. ಆದರೆ ಐದು ಸೆಂಟಿಮೀಟರ್ ಹತ್ತಿರದ ಧೂಳಿನಿಂದ ಬಂದ ಬೆಳಕಿಗೆ ಒಂದಾಗಲು ಇನ್ನೂ ಜಾಸ್ತಿ ಜಾಗ ಬೇಕು. ಅದರ ತುದಿ ಸೆನ್ಸರಿನ ಆಚೆ ಎಲ್ಲೋ ಉಳಿಯುತ್ತದೆ. ಅಂದರೆ ಸೆನ್ಸರು ಪೊಟ್ಟಣವನ್ನು ನಡುವೆಯೇ ಕತ್ತರಿಸಿದ ಹಾಗಾಯಿತು. ಬಾಯಿ ದುಂಡಗಿದ್ದರೆ ಕತ್ತರಿಸಿದ ಜಾಗವೂ ದುಂಡಗೆ. ಬಾಯಿ ಆರು ಮೂಲೆಯದಾದರೆ ಆರು ಮೂಲೆ. ಕೆಲವು ಕ್ಯಾಮೆರಾಗಳ ಆರ್ಬ್‌ಗಳಿಗೆ ಮೂಲೆಗಳಿರುವುದು ಇದರಿಂದಲೇ.

2019ರ ಡಿಸೆಂಬರ್ 26ರ ಸೂರ್ಯಗ್ರಹಣದ ಬೆಳಿಗ್ಗೆ ಬೆಂಗಳೂರಿನಲ್ಲಿ ಮರದ ಕೆಳಗೆ ನಿಂತಿದ್ದವರಿಗೆ ಇದರ ತಿರುವುಮುರುವು ಕಾಣಿಸಿರುತ್ತದೆ. ಎಲೆಗಳ ನಡುವಿನ ಸಂದಿಗಳಿಂದ ನೆಲದ ಮೇಲೆ ಬಿದ್ದ ಬಿಸಿಲಿನ ಚುಕ್ಕೆಗಳೆಲ್ಲ ಕುಡುಗೋಲಿನ ಆಕಾರದಲ್ಲಿದ್ದವು. ಸಂದಿಗಳ ಆಕಾರ ಹೇಗೇ ಇರಲಿ, ಚುಕ್ಕೆಗೆ ಬಂದದ್ದು ಸೂರ್ಯನ ಆಕಾರ. ಅಲ್ಲಿ ರಂಧ್ರ ಚಿಕ್ಕದು, ದೀಪ ದೊಡ್ಡದಾಗಿ ಕಾಣುತ್ತಿತ್ತು. ಆದ್ದರಿಂದ ದೀಪದ ಚಿತ್ರ ಬಿತ್ತು. ಆರ್ಬ್‌ನಲ್ಲಿ ದೀಪ ಚುಕ್ಕಿಯಷ್ಟು, ರಂಧ್ರ ದೊಡ್ಡದು. ಆದ್ದರಿಂದ ರಂಧ್ರದ ಚಿತ್ರ ಬೀಳುತ್ತದೆ. ದೊಡ್ಡ ಲೆನ್ಸಿನ ಕ್ಯಾಮೆರಾ ಇರುವವರು ಕಪ್ಪು ಕಾಗದದಲ್ಲಿ ನಕ್ಷತ್ರ ಕತ್ತರಿಸಿ ಲೆನ್ಸಿನ ಮುಂದೆ ಇಟ್ಟು, ಫೋಕಸ್ ತಪ್ಪಿಸಿ, ದೀಪಾವಳಿಯ ರಾತ್ರಿ ಬೀದಿ ದೀಪಗಳ ಫೋಟೋ ತೆಗೆಯಲಿ. ದೀಪಗಳೆಲ್ಲ ನಕ್ಷತ್ರಗಳಾಗುತ್ತವೆ.

ಬಿಲ್ಲೆ ಎಷ್ಟು ದೊಡ್ಡದು ಅಂತ ಕಾಗದದ ಮೇಲೇ ಲೆಕ್ಕ ಹಾಕಬಹುದು. ಆ ಕಾಲದ ಪುಟ್ಟ ಕ್ಯಾಮೆರಾಗಳ ಲೆನ್ಸಿನ ಫೋಕಲ್ ದೂರ (ದೂರದಿಂದ ಬಂದ ಬೆಳಕು ಲೆನ್ಸಿನ ಹಿಂದೆ ಒಂದು ಚುಕ್ಕಿಯಾಗಿ ಸೇರಲು ಬೇಕಾದ ಜಾಗ) ಸುಮಾರು 6 ಮಿಲಿಮೀಟರ್, ರಂಧ್ರದ ಅಗಲ ಸುಮಾರು 2 ಮಿಲಿಮೀಟರ್. ಎರಡನ್ನೂ ಗುಣಿಸಿ, ಧೂಳಿನ ದೂರವಾದ 50 ಮಿಲಿಮೀಟರಿನಿಂದ ಭಾಗಿಸಿ. ಹೆಚ್ಚುಕಮ್ಮಿ ಕಾಲು ಮಿಲಿಮೀಟರ್ ಬರುತ್ತದೆ. ಸೆನ್ಸರಿನ ಅಗಲವೇ ಸುಮಾರು 6 ಮಿಲಿಮೀಟರ್. ಅಂದರೆ ಬಿಲ್ಲೆ ಫೋಟೋದ ಅಗಲದಲ್ಲಿ ಸುಮಾರು ಇಪ್ಪತ್ತೈದನೆಯ ಒಂದು ಭಾಗದಷ್ಟು. ನಮ್ಮ ಫೋಟೋದಲ್ಲಿ ಸ್ಕೇಲ್ ಇಟ್ಟು ಅಳೆದೆ. ಹತ್ತಿರ ಹತ್ತಿರ ಅಷ್ಟೇ ಇತ್ತು.

ಅದೇ ಧೂಳು ಹಳೆಯ ರೀಲ್ ಕ್ಯಾಮೆರಾದ ಮುಂದೆ ಬಂದರೆ? ಲೆನ್ಸ್ 50 ಮಿಲಿಮೀಟರಿನದು, ರಂಧ್ರ 18. ಬಿಲ್ಲೆ 18 ಮಿಲಿಮೀಟರ್ ಅಗಲಕ್ಕೆ ಹರಡುತ್ತದೆ. ಫಿಲಮ್ಮಿನ ಅಗಲ 36, ಅದರಲ್ಲಿ ಅರ್ಧ! ದೊಡ್ಡ ರಂಧ್ರ ಜಾಸ್ತಿ ಬೆಳಕು ಒಳಗೆ ಬಿಟ್ಟರೂ, ಹಾಗೆ ಹರಡಿದ ಬೆಳಕು ಪುಟ್ಟ ಕ್ಯಾಮೆರಾದ ಬಿಲ್ಲೆಗಿಂತ ಸುಮಾರು 70 ಪಟ್ಟು ಮಸುಕಾಗುತ್ತದೆ. ಒಂದು ಚಮಚ ತುಪ್ಪವನ್ನು ಒಂದು ದೋಸೆಗೆ ಹಾಕಿದರೆ ಹೊಳೆಯುತ್ತದೆ, ಎಪ್ಪತ್ತು ದೋಸೆಗೆ ಸವರಿದರೆ ಹಾಕಿದ್ದೇ ಗೊತ್ತಾಗುವುದಿಲ್ಲ, ಅಲ್ವಾ? ನಮ್ಮ ಅಜ್ಜಿಯ ಕಾಲದ ಮದುವೆ ಫೋಟೋಗಳಲ್ಲಿ ಬಿಲ್ಲೆಗಳು ಕಾಣದಿರುವುದಕ್ಕೆ ಇದು ಒಂದು ಕಾರಣ. ಆಗ ಧೂಳು ಇರಲಿಲ್ಲ ಅಂತಲ್ಲ.

ಇನ್ನೊಂದು ಕಾರಣ ಫ್ಲ್ಯಾಶ್ ಇರುವ ಜಾಗ. ಪುಟ್ಟ ಕ್ಯಾಮೆರಾದಲ್ಲಿ ಅದು ಲೆನ್ಸಿಗೆ ಅಂಟಿಕೊಂಡೇ ಇರುತ್ತದೆ. ಫ್ಲ್ಯಾಶಿನಿಂದ ಹತ್ತು ಸೆಂಟಿಮೀಟರ್ ದೂರದ ಕಣಕ್ಕೂ ಎರಡು ಮೀಟರ್ ದೂರದ ಮುಖಕ್ಕೂ ಇಪ್ಪತ್ತು ಪಟ್ಟು ಅಂತರ. ಬೆಳಕು ದೂರದ ವರ್ಗಕ್ಕೆ ತಕ್ಕಂತೆ ಕಡಿಮೆಯಾಗುತ್ತದೆ. ಆದ್ದರಿಂದ ಕಣದ ಮೇಲೆ ಬೀಳುವ ಬೆಳಕು ಮುಖದ ಮೇಲೆ ಬೀಳುವುದಕ್ಕಿಂತ 400 ಪಟ್ಟು ಜಾಸ್ತಿ. ಅದು ನೇರ ಹಿಂದಕ್ಕೆ ಚಿಮ್ಮಿ ಪಕ್ಕದಲ್ಲೇ ಇರುವ ಲೆನ್ಸಿಗೆ ನುಗ್ಗುತ್ತದೆ. ನಂದಿ ಬೆಟ್ಟಕ್ಕೆ ಮುಂಜಾನೆ ಕಾರಿನಲ್ಲಿ ಹೋದವರಿಗೆ ಇದು ಗೊತ್ತು. ಮಂಜಿನಲ್ಲಿ ಹೈ ಬೀಮ್ ಹಾಕಿದರೆ ರಸ್ತೆ ಮಾಯವಾಗಿ ಬರೀ ಬಿಳಿ ಗೋಡೆ ಎದುರಾಗುತ್ತದೆ. ಫೋಟೋದಲ್ಲಿ ಕಣ್ಣು ಕೆಂಪಗೆ ಬರುವುದೂ ಫ್ಲ್ಯಾಶ್ ಲೆನ್ಸಿನ ಪಕ್ಕದಲ್ಲಿರುವುದರಿಂದಲೇ. ಸಮುದ್ರದೊಳಗೆ ಫೋಟೋ ತೆಗೆಯುವವರು ಫ್ಲ್ಯಾಶನ್ನು ಉದ್ದನೆಯ ತೋಳುಗಳ ತುದಿಗೆ ಕಟ್ಟುತ್ತಾರೆ, ನೀರಿನ ಕಸ ಹೊಳೆಯದಿರಲಿ ಅಂತ.

ಹಾಗೆ ನೋಡಿದರೆ ಹಳೇ ಕಾಲದ ಫೋಟೋಗ್ರಾಫರುಗಳು ಗೊತ್ತಿಲ್ಲದೇ ಸರಿ ಮಾಡುತ್ತಿದ್ದರು. 1887ರಲ್ಲಿ ಜರ್ಮನಿಯ ಮೀಥೆ ಮತ್ತು ಗೇಡಿಕೆ ಮೆಗ್ನೀಸಿಯಂ ಬೆರೆಸಿದ ಫ್ಲ್ಯಾಶ್ ಪುಡಿ ಮಾಡಿದರು. ಅದನ್ನು ತಟ್ಟೆಯಲ್ಲಿ ಸುರಿದು, ಕ್ಯಾಮೆರಾದಿಂದ ದೂರಕ್ಕೆ ಎತ್ತಿ ಹಿಡಿದು ಉರಿಸುತ್ತಿದ್ದರು. ಕೊಠಡಿ ತುಂಬ ಹೊಗೆ. ಆದರೂ ಬಿಲ್ಲೆ ಇಲ್ಲ, ಬೆಳಕು ಪಕ್ಕದಿಂದ ಬರುತ್ತಿತ್ತಲ್ಲ. ಫೋಟೋದಲ್ಲಿ ಸತ್ತವರನ್ನು ಹುಡುಕುವ ಆಸೆ ಮಾತ್ರ ಅದಕ್ಕಿಂತ ಹಳೆಯದು. 1860ರ ದಶಕದಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ವಿಲಿಯಂ ಮಮ್ಲರ್ ಎಂಬಾತ ಜನರ ಹಿಂದೆ ಅವರ ಸತ್ತ ನೆಂಟರು ನಿಂತಿರುವ ಫೋಟೋ ಮಾಡಿಕೊಟ್ಟು ದುಡ್ಡು ಮಾಡಿದ. 1869ರಲ್ಲಿ ನ್ಯೂಯಾರ್ಕಿನಲ್ಲಿ ವಿಚಾರಣೆ ನಡೆಯಿತು. ಸಾಕ್ಷಿ ಸಾಲದೆ ಬಿಡುಗಡೆಯಾದ. ಗಂಡನನ್ನು ಕಳೆದುಕೊಂಡ ಮೇರಿ ಲಿಂಕನ್ ಕೂಡ ಆಮೇಲೆ ಅವನ ಮುಂದೆ ಕೂತು ಫೋಟೋ ತೆಗೆಸಿಕೊಂಡರು. ಅವರ ಹೆಗಲ ಮೇಲೆ ಅಬ್ರಹಾಂ ಲಿಂಕನ್‌ರ ಮಸುಕು ಕೈಗಳು! ಇಂಗ್ಲೆಂಡಿನಲ್ಲಿ ಇದೇ ಕೆಲಸ ಮಾಡುತ್ತಿದ್ದ ವಿಲಿಯಂ ಹೋಪ್‌ನನ್ನು 1922ರಲ್ಲಿ, ಇಂಥವನ್ನು ಪರೀಕ್ಷಿಸುತ್ತಿದ್ದ ಹ್ಯಾರಿ ಪ್ರೈಸ್ ಹಿಡಿದ ರೀತಿ ನನಗೆ ತುಂಬ ಇಷ್ಟ. ಹೋಪ್‌ಗೆ ಕೊಟ್ಟ ಗಾಜಿನ ಪ್ಲೇಟುಗಳ ಮೇಲೆ ಮೊದಲೇ ಎಕ್ಸ್-ರೇಯಿಂದ ಗುಟ್ಟಿನ ಗುರುತು ಹಾಕಿಸಿದ್ದರು. ದೆವ್ವ ಮೂಡಿದ ಪ್ಲೇಟಿನಲ್ಲಿ ಆ ಗುರುತೇ ಇರಲಿಲ್ಲ. ಪ್ಲೇಟು ಬದಲಾಗಿತ್ತು.

ಆರ್ಬ್‌ನಲ್ಲಿ ಮೋಸ ಮಾಡುವವರೇ ಇಲ್ಲ. ಕ್ಯಾಮೆರಾ ಪ್ರಾಮಾಣಿಕವಾಗಿಯೇ ತೋರಿಸುತ್ತದೆ. ಅದಕ್ಕೇ ಜನ ಜಾಸ್ತಿ ನಂಬುತ್ತಾರೆ ಅನ್ನಿಸುತ್ತದೆ. ಫೋಟೋ ದೊಡ್ಡದು ಮಾಡಿದರೆ ಬಿಲ್ಲೆಯೊಳಗೆ ಈರುಳ್ಳಿ ಹೆಚ್ಚಿದ ಹಾಗೆ ಉಂಗುರಗಳು, ಕಲೆಗಳು ಕಾಣುತ್ತವೆ. ಎರಡು ಕಲೆ ಮೇಲೆ, ಒಂದು ಕೆಳಗೆ ಇದ್ದರೆ ಸಾಕು, ನಮ್ಮ ಮಿದುಳು ಅದನ್ನು ಮುಖ ಮಾಡಿಬಿಡುತ್ತದೆ.

ಈಗ ಮೊಬೈಲಿನಲ್ಲಿ ಫ್ಲ್ಯಾಶ್ ಇಲ್ಲದೆಯೇ ಕತ್ತಲಲ್ಲಿ ಫೋಟೋ ಬರುತ್ತದೆ. ಆರ್ಬ್ ಕಡಿಮೆಯಾಗಬೇಕಿತ್ತು. ಆದರೆ ಅವು ಸಿಸಿಟಿವಿಗೆ ಬಂದು ಸೇರಿವೆ. ರಾತ್ರಿ ಅದರ ಲೆನ್ಸಿನ ಸುತ್ತ ನಮಗೆ ಕಾಣದ ಇನ್‌ಫ್ರಾರೆಡ್ ದೀಪಗಳು ಉರಿಯುತ್ತವೆ. ಹುಳವೊಂದು ಹತ್ತಿರ ಹಾರಿದರೆ ಗೇಟಿನ ಮುಂದೆ ಬಿಳಿ ಉಂಡೆ ಓಡಾಡಿದ ಹಾಗೆ ಕಾಣುತ್ತದೆ. ಎಷ್ಟು ಅಪಾರ್ಟ್‌ಮೆಂಟುಗಳಲ್ಲಿ ಇಂಥ ವಿಡಿಯೋ ಹರಿದಾಡಿ ಮಕ್ಕಳನ್ನು ಹೆದರಿಸಿರಬಹುದು! ಕ್ಯಾಮೆರಾ ಮುಂದಿನ ಜೇಡರ ಬಲೆ ಗುಡಿಸಿ ನೋಡಿ, ಎಷ್ಟೋ ಕಡೆ ಅಷ್ಟರಲ್ಲೇ ಮುಗಿಯುತ್ತದೆ.

ಇದೇ ಊರಿನಲ್ಲಿ 1976ರಲ್ಲಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳನ್ನು ಪರೀಕ್ಷಿಸಲು ಒಂದು ಸಮಿತಿಯನ್ನೇ ಮಾಡಿದ್ದರು. ಅವರು ಭೌತಶಾಸ್ತ್ರದ ಮೇಷ್ಟ್ರು. ಪರೀಕ್ಷೆ ಮಾಡಿ ನೋಡೋಣ ಅನ್ನುವುದು ಅವರಿಗೆ ಜಗಳದ ಮಾತಾಗಿರಲಿಲ್ಲ. ದೊಡ್ಡಮ್ಮನ ಜೊತೆ ನನಗೂ ಜಗಳ ಬೇಕಿರಲಿಲ್ಲ. ಅವರ ಹತ್ತಿರ ಒಂದು ಗಟ್ಟಿ ವಾದ ಇತ್ತು. "ಧೂಳು ಕ್ಯಾಮೆರಾ ಮುಂದೆ ಇತ್ತು ಅಂತೀಯ. ಇದು ಕಂಬದ ಹಿಂದೆ ಇದೆಯಲ್ಲೋ, ನೋಡು." ನಿಜ. ತಾತನ ಪಟದ ಪಕ್ಕದ ಬಿಳಿ ಕಂಬ ಬಿಲ್ಲೆಯ ಅರ್ಧವನ್ನು ಮುಚ್ಚಿದ ಹಾಗಿತ್ತು. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಎರಡು ದಿನ ಯೋಚಿಸಿದೆ. ಬಿಲ್ಲೆ ಏನನ್ನೂ ಮರೆಮಾಡುವುದಿಲ್ಲ, ತನ್ನ ಹಿಂದಿನದಕ್ಕೆ ಒಂದಿಷ್ಟು ಬೆಳಕು ಸೇರಿಸುತ್ತದೆ ಅಷ್ಟೇ. ಕಪ್ಪು ಜಾಗದಲ್ಲಿ ಅದು ಎದ್ದು ಕಾಣುತ್ತದೆ. ಫ್ಲ್ಯಾಶ್ ಬಿದ್ದು ಮೊದಲೇ ಬೆಳ್ಳಗಾದ ಕಂಬದ ಮೇಲೆ ಸೇರಿಸಲು ಏನೂ ಉಳಿದಿರುವುದಿಲ್ಲ.

ಭಾನುವಾರ ಸಂಜೆ ಮತ್ತೆ ಆ ಮನೆಗೆ ಹೋದೆ. ಅದೇ ಕ್ಯಾಮೆರಾ ತರಿಸಿದೆವು. ಪಕ್ಕದಲ್ಲಿ ಒಂದು ಅಡಿ ಬಿಟ್ಟು ನನ್ನ ಫೋನು. ದೀಪ ಆರಿಸಿ, ಮಕ್ಕಳ ಕೈಯಲ್ಲಿ ಜಮಖಾನ ಕೊಡವಿಸಿ, ಒಂದು ಎರಡು ಮೂರು ಅಂತ ಎಣಿಸಿ ಎರಡರಲ್ಲೂ ಒಟ್ಟಿಗೆ ಫೋಟೋ ತೆಗೆದೆವು. ಪಟ ಎರಡರಲ್ಲೂ ಬಂತು. ಕ್ಯಾಮೆರಾದಲ್ಲಿದ್ದ ಬಿಲ್ಲೆಗಳಲ್ಲಿ ಒಂದೂ ಫೋನಿನಲ್ಲಿ ಆ ಜಾಗದಲ್ಲಿ ಇರಲಿಲ್ಲ. ಆಮೇಲೆ ತೇಗದ ಮುಂಬಾಗಿಲಿಗೆ ತಾತನದೇ ಬಿಳಿ ಪಂಚೆಯೊಂದನ್ನು ಟೇಪಿನಿಂದ ಬಿಗಿಯಾಗಿ ಅಂಟಿಸಿದೆ. ಇಸ್ತ್ರಿಗೆ ನೀರು ಚಿಮುಕಿಸುವ ಬಾಟಲಿ ದೊಡ್ಡಮ್ಮನ ಕೈಯಲ್ಲಿ. ಅವರು ಲೆನ್ಸಿನ ಮುಂದೆ ಚಿಮುಕಿಸುತ್ತ ಹೋದರು, ನಾನು ತೆಗೆಯುತ್ತ ಹೋದೆ. ಹದಿನಾಲ್ಕನೆಯ ಫೋಟೋದಲ್ಲಿ ಪಂಚೆಯ ಅಂಚಿಗೆ ಸರಿಯಾಗಿ ಒಂದು ಬಿಲ್ಲೆ ಬಂತು. ಅರ್ಧ ಬಾಗಿಲ ಮೇಲೆ. ಉಳಿದರ್ಧ ಪಂಚೆಯ ಹಿಂದೆ ಹೋದ ಹಾಗೆ.

ದೊಡ್ಡಮ್ಮ ಕನ್ನಡಕ ಹಾಕಿಕೊಂಡು ನೋಡಿದರು. ಎದ್ದು ಹೋಗಿ ಪಂಚೆಯ ಅಂಚಿಗೂ ಬಾಗಿಲಿಗೂ ನಡುವೆ ಬೆರಳು ತೂರಿಸಲು ನೋಡಿದರು. ಆಗಲಿಲ್ಲ.

"ಇದರ ಹಿಂದೆ ಜಾಗವೇ ಇಲ್ವಲ್ಲೋ," ಅಂದರು. ಆಮೇಲೆ ಬಾಟಲಿಯನ್ನು ಮತ್ತೆ ಕೈಗೆ ತಗೊಂಡು, "ಇನ್ನೊಂದು ತೆಗಿ, ನೋಡೋಣ," ಅಂದರು.