ಕೀಲೆಣ್ಣೆ ಭಾರ ಹೊರುವ ಬಗೆ

ಯಂತ್ರಕ್ಕೆ ಎಣ್ಣೆ ಏಕೆ ಹಾಕುತ್ತಾರೆ ಎಂಬ ಪ್ರಶ್ನೆಗೆ "ಎಣ್ಣೆ ಜಾರುವ ಪದಾರ್ಥ, ಆದ್ದರಿಂದ ಘರ್ಷಣೆ ತಗ್ಗುತ್ತದೆ" ಎಂದು ನಾನೂ ಎಷ್ಟೋ ಸಲ ಉತ್ತರ ಬರೆದಿದ್ದೇನೆ. ತಪ್ಪಲ್ಲ, ಆದರೆ ಅಸಲು ವಿಷಯ ಬಿಟ್ಟುಹೋಗುತ್ತದೆ: ಓಡುವ ಯಂತ್ರದಲ್ಲಿ ಎಣ್ಣೆ ಭಾರವನ್ನೂ ಹೊರುತ್ತದೆ.

ಮೊದಲು ಲೋಹ. ಎಷ್ಟೇ ನಯಗೊಳಿಸಿದ ಉಕ್ಕಿನಲ್ಲೂ ಸೂಕ್ಷ್ಮ ಏರುತಗ್ಗುಗಳಿರುತ್ತವೆ. ಎರಡು ಮೇಲ್ಮೈಗಳು ಕೂಡಿದಾಗ ಏರುಗಳ ತುದಿಗಳಷ್ಟೇ ತಾಗಿ, ಇಡೀ ಭಾರ ಅವುಗಳ ಮೇಲೆ ಬಿದ್ದು, ಅಲ್ಲಲ್ಲಿ ಬೆಸೆದುಕೊಳ್ಳುತ್ತವೆ. ಚಲಿಸುವಾಗ ಆ ಬೆಸುಗೆ ಹರಿಯಬೇಕು. ಸವೆತ, ಬಿಸಿ ಎಲ್ಲವೂ ಅಲ್ಲಿಂದಲೇ.

ಈಗ ಕಥೆ. 1880ರ ದಶಕದ ಇಂಗ್ಲೆಂಡಿನಲ್ಲಿ ಬೀಚಮ್ ಟವರ್ ಎಂಬ ಎಂಜಿನಿಯರ್ ರೈಲು ಗಾಲಿಯ ಅಚ್ಚಿನ ಬೇರಿಂಗನ್ನು, ಅಂದರೆ ತಿರುಗುವ ಅಚ್ಚಿಗೆ ಆಸರೆಯಾದ ಭಾಗವನ್ನು, ಪರೀಕ್ಷಿಸುತ್ತಿದ್ದರು. ಅಚ್ಚಿನ ಕೆಳಭಾಗ ಎಣ್ಣೆಯಲ್ಲಿ ಮುಳುಗಿತ್ತು, ಮೇಲೆ ಭಾರ ಹೊತ್ತ ಅರ್ಧ ಬೇರಿಂಗ್. ಎಣ್ಣೆ ಬಿಡಲೆಂದು ಅದರ ನೆತ್ತಿಗೆ ತೂತು ಕೊರೆದರೆ, ಎಣ್ಣೆ ಇಳಿಯುವ ಬದಲು ಉಕ್ಕಿ ಬಂತು! ಮರದ ಬೆಣೆ ಜಡಿದರೆ ಅದನ್ನೂ ಹೊರದಬ್ಬಿತು. ಒತ್ತಡಮಾಪಕ ಚದರ ಅಂಗುಲಕ್ಕೆ 200 ಪೌಂಡು ದಾಟಿತು. ಬೇರಿಂಗಿನ ಮೇಲಿನ ಸರಾಸರಿ ಭಾರವೋ ಚದರ ಅಂಗುಲಕ್ಕೆ 100 ಪೌಂಡು. ಪಂಪು ಎಲ್ಲೂ ಇರಲಿಲ್ಲ.

1886ರಲ್ಲಿ ವಿಜ್ಞಾನಿ ಆಸ್ಬರ್ನ್ ರೆನಾಲ್ಡ್ಸ್ ಈ ಒಗಟನ್ನು ಬಿಡಿಸಿದರು. ಅಚ್ಚು ಬೇರಿಂಗಿನ ನಡುಮಧ್ಯದಲ್ಲಿ ಇರುವುದಿಲ್ಲ, ತುಸು ಪಕ್ಕಕ್ಕೆ ಸರಿದಿರುತ್ತದೆ. ಹಾಗಾಗಿ ನಡುವಿನ ಸಂದು ಬೆಣೆಯಂತೆ ಕಿರಿದಾಗುತ್ತ ಹೋಗುತ್ತದೆ. ತಿರುಗುವ ಅಚ್ಚಿಗೆ ಅಂಟಿದ ಎಣ್ಣೆ ಅದರೊಂದಿಗೆ ಆ ಇಕ್ಕಟ್ಟಿಗೆ ಸೆಳೆದುಹೋಗಿ, ಒತ್ತಡ ಏರಿ, ಲೋಹಗಳನ್ನು ಬೇರ್ಪಡಿಸುತ್ತದೆ. ಪಂಪಿನ ಕೆಲಸ ಮಾಡಿದ್ದು ತಿರುಗುವಿಕೆಯೇ. ನೆನಪಿಡಿ: ಸ್ನಿಗ್ಧತೆ (ಎಣ್ಣೆಯ ಮಂದತನ), ವೇಗ, ಕಿರಿದಾಗುವ ಸಂದು, ಈ ಮೂರೂ ಬೇಕು. ರೆನಾಲ್ಡ್ಸರ ಲೆಕ್ಕದಲ್ಲಿ ಸಮಾನಾಂತರ ಫಲಕಗಳ ನಡುವೆ ಈ ಒತ್ತಡ ಹುಟ್ಟುವುದಿಲ್ಲ.

ಎಣ್ಣೆ ಪದರದ ದಪ್ಪ ಕೆಲವೇ ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ), ಕೂದಲಿಗಿಂತ ಎಷ್ಟೋ ತೆಳು. ಆದರೂ ಒಣ ಉಕ್ಕಿನಲ್ಲಿ 0.5ರ ಆಸುಪಾಸಿನ ಘರ್ಷಣಾಂಕ (ಘರ್ಷಣೆ ಬಲ ಭಾರದ ಎಷ್ಟು ಪಾಲು ಎಂಬ ಅಳತೆ) 0.001ರಿಂದ 0.01ರ ಮಟ್ಟಕ್ಕೆ ಇಳಿಯುತ್ತದೆ. ಉಳಿದಿರುವುದು ಎಣ್ಣೆಯ ಪದರಗಳ ಒಳತಿಕ್ಕಾಟ. ಅದಕ್ಕೇ ಬೇಕಾದ್ದಕ್ಕಿಂತ ಮಂದ ಎಣ್ಣೆ ಹಾಕಿದರೆ ಎಂಜಿನ್ ಶಕ್ತಿ ಅದನ್ನು ಕಲಕುವುದರಲ್ಲೇ ಪೋಲಾಗುತ್ತದೆ. ತೀರ ತೆಳುವಾದರೆ ಪದರ ತುಂಡಾಗಿ ಲೋಹಗಳು ತಾಗುತ್ತವೆ.

ಎಣ್ಣೆ ಬಿಸಿಯಾದಂತೆ ತೆಳುವಾಗುತ್ತದೆ. ಎಂಜಿನ್ ಎಣ್ಣೆ ಡಬ್ಬಿಯ ಮೇಲಿನ 10ಡಬ್ಲ್ಯು-30ರಲ್ಲಿ ಮೊದಲನೆಯದು ಚಳಿಯಲ್ಲಿನ ಸ್ನಿಗ್ಧತೆಯ ದರ್ಜೆ, ಎರಡನೆಯದು ಬಿಸಿ ಎಂಜಿನ್ನಿನದು. 'ಡಬ್ಲ್ಯು' ಎಂದರೆ ವಿಂಟರ್, ತೂಕವಲ್ಲ.

ವೇಗವೇ ಇಲ್ಲದಾಗ? ಸ್ಟಾರ್ಟ್ ಮಾಡಿದ ಮೊದಲ ಕ್ಷಣಗಳಲ್ಲಿ ಬೆಣೆಯಾಕಾರದ ಪದರ ಇನ್ನೂ ಹುಟ್ಟಿರುವುದಿಲ್ಲ. ಲೋಹಕ್ಕೆ ಅಂಟಿಕೊಂಡ ಅಣುಗಳ ತೆಳು ಪೊರೆ, ಎಣ್ಣೆಗೆ ಬೆರೆಸಿದ ರಾಸಾಯನಿಕಗಳು ಆಗ ಲೋಹವನ್ನು ಕಾಪಾಡುತ್ತವೆ. ಎತ್ತಿನ ಗಾಡಿಯ ಅಚ್ಚಿಗಂತೂ ಹೆಚ್ಚುಕಡಿಮೆ ಸದಾ ಇದೇ ಸ್ಥಿತಿ: ಭಾರ ಹೆಚ್ಚು, ವೇಗ ಕಡಿಮೆ. ಅಲ್ಲಿ ಮಂದವಾದ ಕೀಲೆಣ್ಣೆಯನ್ನೇ ಬಳಿಯುತ್ತಿದ್ದರು.